ಮೊದಲು ಓದೋದಾ, ನೋಡೋದಾ? ಒಂದು ವಾರದ ಮಾಂಗಾ, ಕಾದಂಬರಿ, ಅನಿಮೆ

ಪ್ರಶ್ನೆ: ನಾನು ದಾವಣಗೆರೆಯವನು, ಬೆಂಗಳೂರಿನಲ್ಲಿ ಕೆಲಸ. ಎರಡು ವರ್ಷದಿಂದ ಅನಿಮೆ, ಅಂದರೆ ಜಪಾನಿ ಅನಿಮೇಷನ್, ನೋಡುತ್ತಿದ್ದೇನೆ. ಮಾಂಗಾ (ಜಪಾನಿ ಕಾಮಿಕ್ಸ್) ಓದದೆ ಬರೀ ಅನಿಮೆ ನೋಡೋದು ದಂಡ ಅಂತ ರೂಮ್‌ಮೇಟ್ ಹೇಳುತ್ತಾನೆ. ಮೂಲ ಕಾದಂಬರಿ ಇದ್ದರೆ ಅದನ್ನೇ ಮೊದಲು ಓದಬೇಕು ಅಂತ ಆಫೀಸಿನ ಗೆಳತಿಯ ವಾದ. ಮೂರಕ್ಕೂ ನನಗೆ ಟೈಮ್ ಇಲ್ಲ. ನೀವು ಜಪಾನಿ ಭಾಷೆ ಕಲಿಸುವವರು, ಇವನ್ನೆಲ್ಲ ಮೂಲದಲ್ಲೇ ಓದುತ್ತೀರಿ. ಕಳೆದ ಒಂದು ವಾರದಲ್ಲಿ ನಿಮಗೆ ತುಂಬ ಹಿಡಿಸಿದ್ದು ಯಾವುದು? ಯಾವ ಕಥೆಯನ್ನು ಯಾವ ರೂಪದಲ್ಲಿ ಶುರು ಮಾಡಬೇಕು?

ಉತ್ತರ: ನಿಮ್ಮ ರೂಮ್‌ಮೇಟ್ ಮಾತನ್ನೂ ಗೆಳತಿಯ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಮೂಲವೇ ಮೇಲು ಅನ್ನುವ ನಿಯಮ ಎಷ್ಟೋ ಸಲ ಕೈಕೊಡುತ್ತದೆ. ನಾನು ನೋಡುವುದು ಒಂದೇ: ಈ ಕಥೆಯಲ್ಲಿ ಹೊತ್ತು ಯಾರ ಕೈಯಲ್ಲಿದ್ದರೆ ಚೆಂದ? ಅನಿಮೆಯಲ್ಲಿ ಹೊತ್ತು ನಿರ್ದೇಶಕರ ಕೈಯಲ್ಲಿರುತ್ತದೆ. ಅವರು ಕಾಯಿಸಿದಷ್ಟು ನೀವು ಕಾಯಬೇಕು. ಮಾಂಗಾದಲ್ಲಿ ಅದು ಪುಟ ತಿರುವುವ ನಿಮ್ಮ ಬೆರಳಿನಲ್ಲಿದೆ. ಕಾದಂಬರಿಯಲ್ಲಿ ಪಾತ್ರ ಯೋಚನೆ ಮಾಡುವಷ್ಟು ಹೊತ್ತೂ ಕಥೆ ನಿಂತಿರುತ್ತದೆ. ನಮ್ಮಲ್ಲಿ ಒಂದೇ ಪ್ರಸಂಗವನ್ನು ಬಯಲಾಟದಲ್ಲೂ ನೋಡುತ್ತೇವೆ, ತಾಳಮದ್ದಳೆಯಲ್ಲೂ ಕೇಳುತ್ತೇವೆ. ವೇಷ ಇಲ್ಲ, ಕುಣಿತ ಇಲ್ಲ ಅಂತ ತಾಳಮದ್ದಳೆಯನ್ನು ಯಾರೂ ಕಡಿಮೆ ಅನ್ನುವುದಿಲ್ಲ. ಅಲ್ಲಿ ಕರ್ಣ ಅರ್ಧ ಗಂಟೆ ಮಾತಾಡಬಹುದು. ರಂಗದ ಮೇಲೆ ಅಷ್ಟು ಹೊತ್ತು ನಿಂತರೆ ಚೆಂಡೆಯವರು ಸುಮ್ನೆ ಬಿಡುವುದಿಲ್ಲ.

ಈ ವಾರ ನಾನು ಜಾಸ್ತಿ ಹೊತ್ತು ಕಳೆದದ್ದು 'ದಿ ಅಪೊಥೆಕರಿ ಡೈರೀಸ್' ಜೊತೆ. ಜಪಾನಿಯಲ್ಲಿ 'ಕುಸುರಿಯಾ ನೋ ಹಿತೊರಿಗೊತೊ', ಅಂದರೆ ಔಷಧಿ ಅಂಗಡಿಯವಳು ತನ್ನಷ್ಟಕ್ಕೆ ಆಡಿಕೊಳ್ಳುವ ಮಾತು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ. ಹ್ಯೂಗಾ ನಾತ್ಸು ಇದನ್ನು 2011ರಲ್ಲಿ ಒಂದು ವೆಬ್‌ಸೈಟ್‌ನಲ್ಲಿ ಕಂತುಕಂತಾಗಿ ಬರೆಯಲು ಶುರು ಮಾಡಿದರು. ಆಮೇಲೆ ಅದು ಲೈಟ್ ನಾವೆಲ್ ಆಯಿತು. ಸಣ್ಣ ಗಾತ್ರ, ನಡುನಡುವೆ ಚಿತ್ರ, ಸಲೀಸಾಗಿ ಓದಿಸಿಕೊಳ್ಳುವ ಭಾಷೆ, ಇಂಥ ಪುಸ್ತಕಕ್ಕೆ ಅಲ್ಲಿ ಆ ಹೆಸರು. 2017ರಲ್ಲಿ ಒಂದೇ ಕಥೆಗೆ ಎರಡು ಮಾಂಗಾ ಶುರುವಾದವು! ಒಂದನ್ನು ಚಿತ್ರಿಸುವವರು ನೆಕೊಕುರಾಗೆ, ಇನ್ನೊಂದನ್ನು ಕುರಾತಾ ಮಿನೊಜಿ. ಪ್ರಕಾಶಕರೂ ಬೇರೆ ಬೇರೆ. 2023ರಲ್ಲಿ ಅನಿಮೆ ಬಂತು, 2025ರಲ್ಲಿ ಎರಡನೇ ಸೀಸನ್.

ಕಥೆ ಹೀಗಿದೆ. ಮಾವೊಮಾವೊ ಅನ್ನುವ 17 ವರ್ಷದ ಹುಡುಗಿ. ಹೆಸರಿನ ಅರ್ಥ ಬೆಕ್ಕು. ವೇಶ್ಯೆಯರ ಕೇರಿಯಲ್ಲಿ ಔಷಧಿ ಕೊಡುವ ಸಾಕುತಂದೆಯ ಹತ್ತಿರ ಬೆಳೆದವಳು. ಸೊಪ್ಪು ಕೀಳಲು ಹೋದವಳನ್ನು ಕದ್ದೊಯ್ದು ರಾಜನ ಅಂತಃಪುರಕ್ಕೆ ಕೆಲಸದವಳಾಗಿ ಮಾರುತ್ತಾರೆ. ಹಳೆಯ ಚೀನಾದ ಹಾಗೆ ಕಾಣುವ, ಆದರೆ ಲೇಖಕರೇ ಕಟ್ಟಿದ ದೇಶ ಅದು. ಅಲ್ಲಿ ರಾಣಿಯರ ಕೂಸುಗಳು ಒಂದರ ಹಿಂದೊಂದು ಸಾಯುತ್ತಿವೆ. ಎಲ್ಲರೂ ಶಾಪ ಅನ್ನುತ್ತಾರೆ. ಮಾವೊಮಾವೊಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ, ಅದು ಮುಖಕ್ಕೆ ಬಳಿಯುವ ಬಿಳಿ ಪುಡಿಯಲ್ಲಿರುವ ಸೀಸದ ಕೆಲಸ. ಇದು ಕಟ್ಟುಕತೆಯಲ್ಲ. ಜಪಾನಿನಲ್ಲಿ ಹಿಂದೆ ಕಬುಕಿ ನಟರು ಇಂಥದೇ ಸೀಸದ ಬಿಳಿ ಬಳಿದುಕೊಂಡು ಕಾಯಿಲೆ ಬಿದ್ದದ್ದುಂಟು.

ಅವಳು ಬಟ್ಟೆ ಹರಿದು, ಪುಡಿ ವಿಷ, ಮಗುವಿಗೆ ತಾಗಿಸಬೇಡಿ ಅಂತ ಬರೆದು, ಹೂವಿನ ರೆಂಬೆಗೆ ಕಟ್ಟಿ ಕಿಟಕಿಯ ಹತ್ತಿರ ಇಟ್ಟು ಬರುತ್ತಾಳೆ. ಒಬ್ಬ ರಾಣಿ ನಂಬುತ್ತಾಳೆ, ಅವಳ ಮಗು ಉಳಿಯುತ್ತದೆ. ಇನ್ನೊಬ್ಬಳು ನಂಬುವುದಿಲ್ಲ. ಈಗ ಅಂತಃಪುರದ ಅಧಿಕಾರಿ ಜಿನ್ಶಿಗೆ ಬರೆದವರು ಯಾರು ಅಂತ ಪತ್ತೆ ಮಾಡಬೇಕು. ಕೆಲಸದ ಹುಡುಗಿಯರಲ್ಲಿ ಹೆಚ್ಚಿನವರಿಗೆ ಅಕ್ಷರ ಬಾರದು. ಅವನು ಎಲ್ಲರನ್ನೂ ಸೇರಿಸಿ, ಮಾತಿಲ್ಲದೆ ಒಂದು ಬರಹ ಎತ್ತಿ ಹಿಡಿಯುತ್ತಾನೆ. ಮುಖದ ಮೇಲೆ ಚುಕ್ಕೆ ಇರುವವಳೇ, ನೀನು ಇಲ್ಲೇ ನಿಲ್ಲು ಅಂತ ಅದರಲ್ಲಿದೆ. ಉಳಿದವರೆಲ್ಲ ಹೊರಡುತ್ತಾರೆ. ಓದಲು ಬರುವುದೇ ತಪ್ಪಾಗಿ ಮಾವೊಮಾವೊ ಸಿಕ್ಕಿಬೀಳುತ್ತಾಳೆ.

ಈ ಒಂದು ದೃಶ್ಯವನ್ನು ಈ ವಾರ ನಾಲ್ಕೂ ಕಡೆ ನೋಡಿದೆ, ಓದಿದೆ. ಮಾಂಗಾದಲ್ಲಿ ಮಜಾ ಬೇರೆ. ಬರಹ ಪುಟದ ಮೇಲೆ ಬಂದ ಕೂಡಲೇ ನಿಮ್ಮ ಕಣ್ಣು ಅದನ್ನು ಓದಿಬಿಟ್ಟಿರುತ್ತದೆ. ಓದಿದೆ ಅಂತ ಗೊತ್ತಾಗುವ ಮೊದಲೇ ನೀವೂ ಅವಳ ಜೊತೆ ಸಿಕ್ಕಿಬಿದ್ದಿರುತ್ತೀರಿ. ಅನಿಮೆಯಲ್ಲಿ ನಮಗೆ ಆ ಬರಹ ಸಬ್‌ಟೈಟಲ್ ಆಗಿ ಬರುತ್ತದೆ. ಜಪಾನಿ ಓದಲು ಬಾರದವರಿಗೆ ಅಲ್ಲಿ ಒಂದು ಸಣ್ಣ ತಮಾಷೆ ಇದೆ ನೋಡಿ: ಸಬ್‌ಟೈಟಲ್ ತೆಗೆದರೆ ನಾವೆಲ್ಲ ಸುಮ್ಮನೆ ಹೊರಟುಹೋಗುವ ಹುಡುಗಿಯರ ಸಾಲಿನವರೇ. ಕಾದಂಬರಿಯಲ್ಲಿ ಈ ದೃಶ್ಯ ಬೇಗ ಮುಗಿಯುತ್ತದೆ. ಅಲ್ಲಿನ ಸುಖ ಬೇರೆ ಕಡೆ ಇದೆ. ಮಾವೊಮಾವೊ ಹೊರಗೆ ತಲೆ ತಗ್ಗಿಸಿ 'ಹೌದು ಪ್ರಭುಗಳೇ' ಅನ್ನುವಾಗ ಒಳಗೆ ಏನು ಅಂದುಕೊಳ್ಳುತ್ತಿದ್ದಾಳೆ ಅನ್ನುವುದು ಸಾಲುಸಾಲಿಗೂ ಸಿಗುತ್ತದೆ. ತನ್ನಷ್ಟಕ್ಕೆ ಆಡಿಕೊಳ್ಳುವ ಮಾತು ಅಂತ ಹೆಸರಿಟ್ಟದ್ದು ಸುಮ್ನೆ ಅಲ್ಲ.

ಹಾಗಾದರೆ ನಿಮ್ಮ ಗೆಳತಿ ಗೆದ್ದರಾ? ಇಲ್ಲ. ಕಾದಂಬರಿಯಿಂದಲೇ ಶುರು ಮಾಡಿದ ನನ್ನ ವಿದ್ಯಾರ್ಥಿಗಳಲ್ಲಿ ಹಲವರು ನೂರು ಪುಟ ದಾಟುವ ಮೊದಲೇ ಕೈಬಿಟ್ಟಿದ್ದಾರೆ. ಕಾರಣ ಹೆಸರುಗಳು. ಗ್ಯೊಕುಯೊ, ಲೀಹುವಾ, ಲೀಶು, ಆಮೇಲೆ ಅವರ ದಾಸಿಯರು, ಆಮೇಲೆ ಅಧಿಕಾರಿಗಳು. ಯಾರು ಯಾರ ಕಡೆಯವರು ಅನ್ನುವಷ್ಟರಲ್ಲಿ ವಿಷ ಹಾಕಿದವರು ಯಾರು ಅನ್ನುವುದೇ ಮರೆತುಹೋಗಿರುತ್ತದೆ. ಅನಿಮೆಯಲ್ಲಿ ಪ್ರತಿ ಹೆಸರಿಗೂ ಒಂದು ಮುಖ, ಒಂದು ಬಣ್ಣ, ಒಂದು ದನಿ ಅಂಟಿಕೊಳ್ಳುತ್ತದೆ. ಅದರಲ್ಲೂ ಮಾವೊಮಾವೊಗೆ ದನಿ ಕೊಟ್ಟ ಯೂಕಿ ಆಓಯಿ. ದಿನದ ಮಾತೆಲ್ಲ ಉಪ್ಪಿಲ್ಲದ ಸಾರಿನ ಹಾಗೆ ಸಪ್ಪೆ, ವಿಷದ ಹೆಸರು ಕಿವಿಗೆ ಬಿದ್ದ ಕೂಡಲೇ ಜಾತ್ರೆಗೆ ಹೊರಟ ಮಗುವಿನ ದನಿ. ಹಾಗಾಗಿ ನನ್ನ ಸಲಹೆ: ಅನಿಮೆಯ ಮೊದಲ ನಾಲ್ಕು ಎಪಿಸೋಡ್ ನೋಡಿ. ಹಿಡಿಸಿದರೆ ಕಾದಂಬರಿಯನ್ನು ಮೊದಲಿಂದ ಓದಿ. ಆಗ ಹೆಸರುಗಳು ಕಾಟ ಕೊಡುವುದಿಲ್ಲ. ಮಾಂಗಾ ಓದಲೇಬೇಕು ಅಂತಿಲ್ಲ. ಓದುವ ಆಸೆ ಇದ್ದರೆ ನೆಕೊಕುರಾಗೆ ಅವರದ್ದು ಓದಿ, ಇಂಗ್ಲಿಷ್‌ನಲ್ಲಿ ಪುಸ್ತಕವಾಗಿ ಬಂದಿದೆ. ಮಾವೊಮಾವೊ ಖುಷಿಯಾದಾಗ ತಲೆಯ ಮೇಲೆ ಬೆಕ್ಕಿನ ಕಿವಿ ಮೂಡುವುದನ್ನು ನೋಡಬೇಕು.

'ಫ್ರೀರೆನ್' ವಿಷಯಕ್ಕೆ ಬಂದರೆ ನಿಮ್ಮ ರೂಮ್‌ಮೇಟ್ ಜೊತೆ ನನ್ನದು ಜಗಳವೇ. ಕಥೆ ಯಮಾದಾ ಕಾನೆಹಿತೊ, ಚಿತ್ರ ಆಬೆ ತ್ಸುಕಾಸಾ. 'ಶೋನೆನ್ ಸಂಡೇ' ವಾರಪತ್ರಿಕೆಯಲ್ಲಿ 2020ರಲ್ಲಿ ಶುರುವಾಗಿ, ಮರುವರ್ಷವೇ ಮಾಂಗಾ ತೈಶೋ ಪ್ರಶಸ್ತಿ ಪಡೆಯಿತು. ಬೇರೆ ಕಥೆಗಳು ಮುಗಿಯುವ ಕಡೆ ಇದು ಶುರುವಾಗುತ್ತದೆ. ರಾಕ್ಷಸರ ರಾಜನನ್ನು ಕೊಂದು ನಾಲ್ವರು ಊರಿಗೆ ವಾಪಸಾಗಿದ್ದಾರೆ. ವೀರ ಹಿಮ್ಮೆಲ್, ಪಾದ್ರಿ ಹೈಟರ್, ಕುಳ್ಳ ಯೋಧ ಐಸೆನ್, ಮಂತ್ರವಾದಿ ಫ್ರೀರೆನ್. ಫ್ರೀರೆನ್ ಮನುಷ್ಯಳಲ್ಲ, ಸಾವಿರಗಟ್ಟಲೆ ವರ್ಷ ಬದುಕುವ ಜಾತಿಯವಳು. ಹತ್ತು ವರ್ಷದ ಯಾತ್ರೆ ಅವಳಿಗೆ ಒಂದು ವಾರಾಂತ್ಯ ಇದ್ದ ಹಾಗೆ. ಮತ್ತೆ ಸಿಗೋಣ ಅಂತ ಹೋದವಳು ಬರುವುದು ಐವತ್ತು ವರ್ಷ ಬಿಟ್ಟು. ಹಿಮ್ಮೆಲ್ ಮುದುಕನಾಗಿದ್ದಾನೆ. ಸ್ವಲ್ಪ ದಿನಕ್ಕೆ ತೀರಿಕೊಳ್ಳುತ್ತಾನೆ. ಅವನ ಮಣ್ಣಿನ ದಿನ ಅವಳಿಗೆ ಅಳು ಬರುತ್ತದೆ. ಹತ್ತು ವರ್ಷ ಜೊತೆಗಿದ್ದರೂ ಇವನನ್ನು ತಿಳಿದುಕೊಳ್ಳಲಿಲ್ಲವಲ್ಲ ಅಂತ.

ಮಾಂಗಾದಲ್ಲಿ ಇದೆಲ್ಲ ಬಹಳ ಮೆತ್ತಗೆ, ಕೆಲವೇ ಪುಟಗಳಲ್ಲಿ ನಡೆದುಹೋಗುತ್ತದೆ. ಮೊದಲ ಸಲ ಓದಿದಾಗ ನಾನು ಪುಟ ಸರಸರ ತಿರುವಿದೆ, ಚೆನ್ನಾಗಿದೆ ಅಂತ ಕೆಳಗಿಟ್ಟೆ. ಅನಿಮೆ ನೋಡಿದ ಮೇಲೆ ಅರ್ಥವಾಯಿತು, ಫ್ರೀರೆನ್ ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ. ಅವಸರದಲ್ಲಿ ಹಿಮ್ಮೆಲ್‌ನನ್ನು ದಾಟಿ ಹೋಗಿದ್ದೆ. ಮ್ಯಾಡ್‌ಹೌಸ್ ಸ್ಟುಡಿಯೊದ ಅನಿಮೆ ನಿಮ್ಮನ್ನು ಹಾಗೆ ಓಡಲು ಬಿಡುವುದಿಲ್ಲ. ನಿರ್ದೇಶಕ ಸೈತೊ ಕೇಇಚಿರೊ ಗಾಳಿಗೆ ಹುಲ್ಲು ಬಾಗುವುದನ್ನು ತೋರಿಸುತ್ತಾರೆ. ಯಾರೋ ಚಹಾ ಬಟ್ಟಲು ಕೆಳಗಿಡುವುದನ್ನು ತೋರಿಸುತ್ತಾರೆ. ನೀವು ಕಾಯಬೇಕು. ಇಬ್ಬರ ಮಾತಿನ ನಡುವಿನ ಈ ಖಾಲಿ ಜಾಗಕ್ಕೆ ಜಪಾನಿಯಲ್ಲಿ 'ಮಾ' ಅನ್ನುತ್ತಾರೆ. ಅವರ ಪ್ರಕಾರ ಅದು ಖಾಲಿಯಲ್ಲ.

ಇನ್ನೊಂದು ನನಗೆ ಬಹಳ ಇಷ್ಟ. ಕಥೆಯ ಉದ್ದಕ್ಕೂ ಕಾಲ ಸೂಚಿಸುವುದು ಹೀಗೆ: ವೀರ ಹಿಮ್ಮೆಲ್ ತೀರಿಹೋದ 20 ವರ್ಷದ ನಂತರ, 28 ವರ್ಷದ ನಂತರ. ಇಸವಿ ಇಲ್ಲ. ನಮ್ಮ ಅಜ್ಜಿಯೂ ಹಾಗೆಯೇ, ಅಜ್ಜ ಹೋದ ಮರುವರ್ಷ ಹಿತ್ತಲಿನ ಬಾವಿ ತೋಡಿಸಿದ್ದು ಅನ್ನುತ್ತಿದ್ದಳು. ಒಂದು ಸಾವಿನಿಂದ ಲೆಕ್ಕ ಹಾಕುವ ಪಂಚಾಂಗ.

ಆದರೆ ಒಂದು ತಕರಾರಿದೆ. ಅನಿಮೆಯ ಮೊದಲ ಸೀಸನ್ 28 ಎಪಿಸೋಡ್. ಹದಿನೆಂಟನೆಯದರಿಂದ ಮಂತ್ರವಾದಿಗಳ ಪರೀಕ್ಷೆ ಶುರುವಾಗುತ್ತದೆ. ಹತ್ತಾರು ಹೊಸ ಮುಖ, ಗುಂಪು, ಸುತ್ತು, ಹೊಡೆದಾಟ. ಹೊಡೆದಾಟದ ಚಿತ್ರಣ ಅದ್ಭುತವೇ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಅಲ್ಲಿ ಆಕಳಿಕೆ ಬಂತು. ಆ ಭಾಗ ಮಾಂಗಾದಲ್ಲೇ ಚೆಂದ, ಬೆರಳು ನಮ್ಮದೇ ಅಲ್ವಾ, ಬೇಗ ತಿರುವಬಹುದು. ಅಂದರೆ ಇಲ್ಲಿ ನನ್ನ ದಾರಿ: 17ರ ತನಕ ಅನಿಮೆ, ಪರೀಕ್ಷೆ ಮಾಂಗಾದಲ್ಲಿ. ಅಂದಹಾಗೆ, ಈ ಹೆಸರುಗಳೆಲ್ಲ ಜರ್ಮನ್ ಪದಗಳು. ಹಿಮ್ಮೆಲ್ ಅಂದರೆ ಆಕಾಶ, ಐಸೆನ್ ಅಂದರೆ ಕಬ್ಬಿಣ, ಫ್ರೀರೆನ್ ಅಂದರೆ ಮರಗಟ್ಟುವುದು. ಜರ್ಮನ್ ಕಲಿತವರಿಗೆ ಇದು ತಮಾಷೆಯಾಗಿ ಕೇಳುತ್ತದಂತೆ.

ಕಾದಂಬರಿ ಅಂತ ಕೇಳಿದ್ದೀರಿ, ಅದಕ್ಕೆ ಒಂದು. ಮುರಾತಾ ಸಾಯಾಕಾ ಬರೆದ 'ಕನ್ವೀನಿಯನ್ಸ್ ಸ್ಟೋರ್ ವುಮನ್'. 2016ರಲ್ಲಿ ಅಕುತಾಗಾವಾ ಪ್ರಶಸ್ತಿ ಪಡೆದ ಪುಟ್ಟ ಪುಸ್ತಕ, ಎರಡು ಸಂಜೆ ಸಾಕು. ನಾಯಕಿ ಕೇಕೊಗೆ 36 ವರ್ಷ. ಹದಿನೆಂಟು ವರ್ಷದಿಂದ ಒಂದೇ ಅಂಗಡಿಯಲ್ಲಿ ಪಾರ್ಟ್‌ಟೈಮ್ ಕೆಲಸ, ಮದುವೆ ಇಲ್ಲ. ಅವಳಿಗೆ ಯಾವ ಕೊರತೆಯೂ ಇಲ್ಲ. ಕೊರತೆ ಇರುವುದು ಅವಳನ್ನು ನೋಡುವವರಿಗೆ. ಯಾವಾಗ ಮದುವೆ, ಒಳ್ಳೆ ಕೆಲಸ ಯಾಕೆ ಹುಡುಕಬಾರದು ಅಂತ ಅವಳ ಗೆಳತಿಯರು ಕೇಳುವ ಪುಟಗಳನ್ನು ಓದುವಾಗ ನಮ್ಮ ಕಡೆಯ ನಾಮಕರಣಕ್ಕೋ ಗೃಹಪ್ರವೇಶಕ್ಕೋ ಹೋಗಿ ಕೂತ ಹಾಗಾಗುತ್ತದೆ. ಪ್ರಶಸ್ತಿ ಬಂದಾಗ ಲೇಖಕಿಯೂ ಅಂಥದೇ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಇದನ್ನು ಚಿತ್ರದಲ್ಲಿ ನೋಡುವ ಆಸೆ ನನಗಿಲ್ಲ. ಹೊರಗಿಂದ ನೋಡಿದರೆ ಒಬ್ಬ ಹೆಂಗಸು ಅನ್ನದ ಉಂಡೆಗಳನ್ನು ಸಾಲಾಗಿ ಜೋಡಿಸುತ್ತಿದ್ದಾಳೆ, ಅಷ್ಟೇ. ನಡೆಯುವುದೆಲ್ಲ ತಲೆಯೊಳಗೆ.

ಶುಕ್ರವಾರ ರಾತ್ರಿ 'ತೊತ್ತೊಚಾನ್' ನೋಡಿದೆ. ಹೌದು, ಅದೇ ತೊತ್ತೊಚಾನ್. ಕುರೊಯಾನಗಿ ತೆತ್ಸುಕೊ 1981ರಲ್ಲಿ ಬರೆದ, ಕನ್ನಡದಲ್ಲೂ ಬಂದು ಎಷ್ಟೋ ಮೇಷ್ಟರ ಕಪಾಟಿನಲ್ಲಿರುವ ಪುಸ್ತಕ. ಹಳೆಯ ರೈಲು ಡಬ್ಬಿಯಲ್ಲಿ ನಡೆಯುವ ಶಾಲೆ, ಊಟದ ಡಬ್ಬಿಯಲ್ಲಿ ಸಮುದ್ರದ್ದೊಂದಿಷ್ಟು ಬೆಟ್ಟದ್ದೊಂದಿಷ್ಟು ತರಬೇಕು ಅನ್ನುವ ಹೆಡ್‌ಮಾಸ್ಟರ್ ಕೊಬಾಯಾಶಿ. ಸಿನಿಮಾ ಮಾಡುತ್ತೇವೆ ಅಂತ ಬಂದವರಿಗೆಲ್ಲ ಲೇಖಕಿ ಬಹಳ ವರ್ಷ ಒಪ್ಪಿರಲಿಲ್ಲ. ಕೊನೆಗೆ 2023ರಲ್ಲಿ ಅನಿಮೆ ಸಿನಿಮಾ ಆಗಿ ಬಂತು, ನಿರ್ದೇಶನ ಯಾಕುವಾ ಶಿನ್ನೊಸುಕೆ. ಮಾಡಿದ್ದು ಡೋರೆಮಾನ್ ಮಾಡುವ ಶಿನ್‌ಎಯ್ ಸ್ಟುಡಿಯೊ.

ಪುಸ್ತಕ ಓದಿದವರಿಗೆ ಯುದ್ಧ ಕೊನೆಯಲ್ಲಿ ಬಂದ ನೆನಪು. ಸಿನಿಮಾದಲ್ಲಿ ಅದು ಮೊದಲಿಂದ ಅಂಚಿನಲ್ಲಿ ನುಸುಳುತ್ತಿರುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಡಬ್ಬಿಯಲ್ಲಿರುವ ಊಟ ಕಡಿಮೆಯಾಗುತ್ತದೆ. ಬಟ್ಟೆಯ ಬಣ್ಣ ಮಾಸುತ್ತದೆ. ಮಗು ನೋಡದೆ ಇರುವುದನ್ನು ನಾವು ಅವಳ ಹಿಂದಿನ ಬೀದಿಯಲ್ಲಿ ನೋಡುತ್ತೇವೆ. ಪುಸ್ತಕಕ್ಕೆ ಇದು ಸುಲಭವಲ್ಲ. ಅಲ್ಲಿ ಹೇಳುತ್ತಿರುವುದು ಮಗುವಿನ ದನಿ, ಮಗು ಗಮನಿಸದ್ದನ್ನು ಬರೆದರೆ ಆ ದನಿ ಕೆಡುತ್ತದೆ. ಮಕ್ಕಳ ಕೆನ್ನೆ, ತುಟಿಗೆಲ್ಲ ಕೆಂಪು ಬಳಿದ ಚಿತ್ರಶೈಲಿ ಮೊದಲ ಹತ್ತು ನಿಮಿಷ ಸ್ವಲ್ಪ ಕಿರಿಕಿರಿ ಅನ್ನಿಸಬಹುದು, ತಡೆದುಕೊಳ್ಳಿ. ಪುಸ್ತಕ ಓದಿದ್ದರೆ ಸಿನಿಮಾ ನೋಡಿ. ಓದಿಲ್ಲದಿದ್ದರೆ ಮೊದಲು ಪುಸ್ತಕ, ಅದೂ ಕನ್ನಡದಲ್ಲೇ.

ಇನ್ನು ವಾರ ಪೂರ್ತಿ ನನ್ನ ಬ್ಯಾಗಿನಲ್ಲಿದ್ದದ್ದು 'ಯೊತ್ಸುಬಾತೊ'. ಅಜುಮಾ ಕಿಯೊಹಿಕೊ 2003ರಿಂದ ಚಿತ್ರಿಸುತ್ತಿರುವ ಮಾಂಗಾ. ಐದು ವರ್ಷದ ಹಸಿರು ಕೂದಲಿನ ಹುಡುಗಿ, ಅನುವಾದದ ಕೆಲಸ ಮಾಡುವ ಅಪ್ಪ, ಪಕ್ಕದ ಮನೆಯ ಮೂವರು ಅಕ್ಕಂದಿರು. ಕಥೆ ಅಂತ ಏನೂ ಇಲ್ಲ. ಒಂದು ದಿನ ಜೋಕಾಲಿ, ಒಂದು ದಿನ ಜೀರುಂಡೆ ಹಿಡಿಯುವುದು. ಎಸಿಯಿಂದ ಭೂಮಿ ಬಿಸಿಯಾಗುತ್ತದೆ ಅಂತ ಕೇಳಿ ಎಸಿಯ ಮೇಲೆ ಯುದ್ಧ ಸಾರುವುದು ಇನ್ನೊಂದು ದಿನ. ಮೊದಲ ಸಂಪುಟದಲ್ಲಿ ಧೋ ಅಂತ ಮಳೆ ಸುರಿಯುವಾಗ ಅವಳು ಹೊರಗೆ ಓಡಿ, ತೊಪ್ಪೆಯಾಗಿ ನೆನೆದು ನಿಲ್ಲುತ್ತಾಳೆ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಾನೆ. ನಾನು ಆ ಪುಟದಲ್ಲಿ ಎಷ್ಟು ಹೊತ್ತು ಬೇಕಾದರೂ ಇರಬಹುದು. ಅನಿಮೆ ಆದರೆ ಐದು ಸೆಕೆಂಡಿಗೆ ದೃಶ್ಯ ಬದಲಾಗುತ್ತದೆ. ಇದಕ್ಕೆ ಇವತ್ತಿಗೂ ಅನಿಮೆ ಇಲ್ಲ. ಬರದಿದ್ದರೇ ಒಳ್ಳೆಯದು.

ಹೆಸರಿನಲ್ಲಿರುವ 'ತೊ' ಅಂದರೆ ನಮ್ಮ 'ಜೊತೆ'. ಪ್ರತಿ ಅಧ್ಯಾಯದ ಹೆಸರೂ ಹಾಗೆಯೇ: ಯೊತ್ಸುಬಾ ಜೊತೆ ಇಂಥದ್ದು, ಯೊತ್ಸುಬಾ ಜೊತೆ ಅಂಥದ್ದು. ಕ್ಲಾಸಿನಲ್ಲಿ ನಾನು ಇದನ್ನು ಪಾಠಕ್ಕೂ ಬಳಸುತ್ತೇನೆ. ಮಾಂಗಾ ಪುಟದ ತುಂಬ ಸದ್ದುಗಳನ್ನು ಅಕ್ಷರದಲ್ಲಿ ಬರೆದಿರುತ್ತಾರೆ. ಇಂಗ್ಲಿಷ್ ಅನುವಾದಕರಿಗೆ ಅವು ದೊಡ್ಡ ತಲೆನೋವು. ಕನ್ನಡದವರಿಗೆ ಅಲ್ಲ. ಎದೆ 'ದೊಕಿದೊಕಿ' ಅಂದರೆ ಡವಡವ. ಮಾತು 'ಪೆರಾಪೆರಾ' ಅಂದರೆ ಪಟಪಟ. 'ಕಿರಾಕಿರಾ' ಅಂದರೆ ಮಿಣಮಿಣ. ಗುಡುಗಿನ 'ಗೊರೊಗೊರೊ' ನಮ್ಮ ಗುಡುಗುಡು. ಶಾಲೆಯಲ್ಲಿ ಅನುಕರಣಾವ್ಯಯ ಅಂತ ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಸದ್ದೇ ಇಲ್ಲ ಅನ್ನುವುದಕ್ಕೂ ಅವರಲ್ಲಿ ಒಂದು ಸದ್ದಿದೆ, 'ಶೀನ್'. ಖಾಲಿ ಕೋಣೆಯ ಚಿತ್ರದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ನಮ್ಮ 'ಬಿಕೋ' ಅದಕ್ಕೆ ಹತ್ತಿರದ ನೆಂಟ.

ಮಾತಿನ ಕೊನೆಯ 'ನೆ' ಹೆಚ್ಚುಕಡಿಮೆ ನಮ್ಮ 'ಅಲ್ವಾ'. ಕ್ರಿಯಾಪದ ಅವರಲ್ಲೂ ವಾಕ್ಯದ ಕೊನೆಗೇ ಬರುತ್ತದೆ. ಹಾಗಾಗಿ ಗುಟ್ಟನ್ನು ಕೊನೆಯ ಪದದವರೆಗೆ ಬಚ್ಚಿಡಬಹುದು. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಅದು ವಾಕ್ಯದ ನಡುವೆಯೇ ಬಯಲಾಗಿಬಿಡುತ್ತದೆ. ಮಾವೊಮಾವೊ 'ಜಿನ್ಶಿ ಸಾಮಾ' ಅನ್ನುವಾಗಿನ ಮರ್ಯಾದೆ, ಅದರೊಳಗಿನ ಅಸಡ್ಡೆ, ಇದನ್ನು ಕನ್ನಡದಲ್ಲಿ ಎಷ್ಟು ಸಲೀಸಾಗಿ ತರಬಹುದು! ಹಿಂದಿ, ತಮಿಳು, ತೆಲುಗು ಡಬ್‌ಗಳು ಬರುತ್ತಿವೆ. ಕನ್ನಡದಲ್ಲಿ ದೊಡ್ಡವರು ನೋಡುವಂಥ ಅನಿಮೆ ಇನ್ನೂ ಅಪರೂಪ. ಅದಕ್ಕೆ ನಾನು ಡಬ್‌ಗಿಂತ ಜಪಾನಿ ದನಿ ಮತ್ತು ಸಬ್‌ಟೈಟಲ್‌ಗೇ ವೋಟು ಹಾಕುತ್ತೇನೆ. ನಾಲ್ಕು ತಿಂಗಳು ಕೇಳಿದರೆ ಕಿವಿ ತಾನಾಗಿ ಪಳಗುತ್ತದೆ.

ಮಾಂಗಾ ಕೈಗೆತ್ತಿಕೊಳ್ಳುವ ಮೊದಲು ಒಂದು ಮಾತು. ಪುಸ್ತಕವನ್ನು ನಮ್ಮ ಲೆಕ್ಕದ ಹಿಂಬದಿಯಿಂದ ತೆರೆಯಬೇಕು. ಚೌಕಗಳನ್ನು ಬಲದಿಂದ ಎಡಕ್ಕೆ, ಮೇಲಿಂದ ಕೆಳಗೆ ಓದಬೇಕು. ನನ್ನ ಮೊದಲ ಮಾಂಗಾವನ್ನು ನಾನು ಅರ್ಧ ಪುಸ್ತಕ ಉಲ್ಟಾ ಓದಿ, ಎಷ್ಟು ಆಧುನಿಕವಾಗಿದೆ ಅಂತ ಬೆರಗಾಗಿದ್ದೆ. ಸತ್ತವನು ಎದ್ದು ಬಂದು ಚಹಾ ಕುಡಿಯುತ್ತಿದ್ದ.

ಮಳೆ ಬರುವ ಭಾನುವಾರ ಸಿಕ್ಕರೆ 'ಮುಶಿಶಿ' ಅನಿಮೆ ಹಾಕಿ. 2005ರದ್ದು, 26 ಎಪಿಸೋಡ್, ಒಂದೊಂದೂ ಬಿಡಿ ಕಥೆ, ಎಲ್ಲಿಂದ ಬೇಕಾದರೂ ನೋಡಬಹುದು. ಬೆನ್ನ ಮೇಲೆ ಮರದ ಪೆಟ್ಟಿಗೆ ಹೊತ್ತು ಊರೂರು ಸುತ್ತುವ ಗಿಂಕೊ, ಕಣ್ಣಿಗೆ ಕಾಣದ ಜೀವಗಳಿಂದ ಜನರಿಗೆ ಬಂದ ಕಾಯಿಲೆ ವಾಸಿ ಮಾಡುತ್ತಾನೆ. ಲೈಟ್ ಆರಿಸಿ ನೋಡಿ, ಇಷ್ಟು ಸಾಕು.

ಟೈಮ್ ಇಲ್ಲ ಅಂದಿದ್ದೀರಿ. ಈ ವಾರ ಒಂದನ್ನೇ ಮಾಡುವುದಾದರೆ ಮಾವೊಮಾವೊನ ನಾಲ್ಕು ಎಪಿಸೋಡ್ ನೋಡಿ, ಎರಡು ಗಂಟೆಯೂ ಆಗುವುದಿಲ್ಲ. ಗೆಳತಿಗೆ ಆ ಪುಟ್ಟ ಕಾದಂಬರಿ ಕೊಡಿ. ರೂಮ್‌ಮೇಟ್‌ಗೆ ಯೊತ್ಸುಬಾ ಮೊದಲ ಸಂಪುಟ ತಂದುಕೊಡಿ. ಅದಕ್ಕೆ ಅನಿಮೆಯೇ ಇಲ್ಲ, ಆ ಮನುಷ್ಯನಿಗೆ ವಾದ ಮಾಡಲು ಏನೂ ಸಿಗುವುದಿಲ್ಲ.